ಹಂಡೆ ಕಾಲೇಜೋ, ಆನರ್ಸೋ?

ನನ್ನ ಹೆಸರು ಮರೆತವರೂ ನನ್ನ ಸಿಇಟಿ ರ‍್ಯಾಂಕು ಮರೆತಿಲ್ಲ. ಮರೆಯಲು ನಾನು ಬಿಟ್ಟಿಲ್ಲ. 1996ರಲ್ಲಿ ಬಂದ ಆ ಮೂರಂಕಿಯನ್ನು ಹೆಣ್ಣು ನೋಡಲು ಹೋದಾಗಲೂ ಹೇಳಿದ್ದೆ. ಸಂಬಳ ಇಷ್ಟೇನಾ ಎಂದು ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರಂತೆ.

ಇಂಥ ನಾನು ಈಗ ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇನೆ. ಚಿಪ್ ಕಾರ್ಖಾನೆ, ಕಳ್ಳಿಗಿಡ, ಕನ್ನಡಿಗ, ಮೂರಕ್ಕೂ ಇಲ್ಲಿನ ಮಣ್ಣು ಒಗ್ಗಿದೆ. ಮಗಳಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ಇಂಡಿಯಾನಾದ ಪರ್ಡ್ಯೂ, ನೀಲ್ ಆರ್ಮ್‌ಸ್ಟ್ರಾಂಗ್ 1955ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದ ಜಾಗ. ಇನ್ನೊಂದು ಮನೆಯ ಹತ್ತಿರವೇ ಇರುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಜೊತೆಗೆ ಅಲ್ಲಿನ ಬ್ಯಾರೆಟ್ ಆನರ್ಸ್ ಕಾಲೇಜಿಗೂ ಆಯ್ಕೆಯಾಗಿದ್ದಳು. ರ‍್ಯಾಂಕಿನಲ್ಲಿ ಪರ್ಡ್ಯೂ ಎಷ್ಟೋ ಮೆಟ್ಟಿಲು ಮೇಲೆ. ಚಂದ್ರನ ಮೇಲೆ ಕಾಲಿಟ್ಟವನ ಕಾಲೇಜೋ, ಭಾನುವಾರ ಮಜ್ಜಿಗೆಹುಳಿ ಉಣ್ಣಲು ಮನೆಗೆ ಬಂದುಹೋಗುವ ಕಾಲೇಜೋ?

ಮೈಸೂರಿಗೆ ಫೋನು ಹಚ್ಚಿದೆ. ಅಪ್ಪನಿಗೆ ಆನರ್ಸ್ ಎಂದರೆ ಮಹಾರಾಜ ಕಾಲೇಜಿನ ಹಳೇ ಬಿ.ಎ. ಆನರ್ಸ್.

"ಕನ್ನಡ ತಗೊಂಡ್ಳಾ? ಭೇಷ್!"

"ಇಲ್ಲಪ್ಪ, ಎಂಜಿನಿಯರಿಂಗೇ. ಅದರ ಮೇಲೆ ಇದು. ಚಿಕ್ಕ ತರಗತಿ, ಚರ್ಚೆ, ಕೊನೆಗೊಂದು ಪ್ರಬಂಧ."

"ಇವಳು ಪ್ರಬಂಧ ಬರೀತಾ ಕೂತರೆ ಸೇತುವೆ ಯಾರು ಕಟ್ತಾರೆ?"

ಅಮ್ಮ ಫೋನು ಕಸಿದುಕೊಂಡು ಇನ್ನೊಂದರ ವಿಚಾರ ಕೇಳಿದಳು. ಪರ್ಡ್ಯೂವಿನಲ್ಲಿ ಓದುವವರನ್ನು ಬಾಯ್ಲರ್‌ಮೇಕರ್ಸ್ ಅನ್ನುತ್ತಾರೆ ಎಂದು ಎದೆಯುಬ್ಬಿಸಿ ಹೇಳಿದೆ.

"ಹಂಡೆ ಮಾಡೋದು ಕಲಿಯೋಕೆ ಮಗೂನ ಅಷ್ಟು ದೂರ ಕಳಿಸ್ತೀಯೇನೋ?"

ಹಿರಿಯರಿಂದ ಬೆಳಕು ಸಿಗದಿದ್ದಾಗ ಎಂಜಿನಿಯರಾದವನು ಎಕ್ಸೆಲ್ ತೆರೆಯುತ್ತಾನೆ. ರ‍್ಯಾಂಕಿಗೆ 30 ಅಂಕ, ಖರ್ಚಿಗೆ 30, ಉಳಿದದ್ದಕ್ಕೆ 40 ಇಟ್ಟೆ. ಬ್ಯಾರೆಟ್ ಗೆದ್ದಿತು. ಹೊರರಾಜ್ಯದವರಿಗೆ ಪರ್ಡ್ಯೂವಿನಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 28,000 ಡಾಲರ್ ದಾಟುತ್ತದೆ. 2013ರಿಂದ ಅದನ್ನು ಏರಿಸಿಲ್ಲ ಎಂದು ಹೆಂಡತಿಗೆ ಹೇಳಿದೆ. "ನಿಮ್ಮ ಉಳಿತಾಯ ಖಾತೆಯೂ ಹಾಗೇ ಇದೆ" ಎಂದಳು. ರ‍್ಯಾಂಕಿಗೆ 50 ಕೊಟ್ಟೆ. ಮತ್ತೆ ಬ್ಯಾರೆಟ್. 70ಕ್ಕೆ ಏರಿಸಿ, ಖರ್ಚಿನ ಸಾಲನ್ನೇ ಅಳಿಸಿದ ಮೇಲೆ ಪರ್ಡ್ಯೂ ಗೆದ್ದಿತು.

"ನೋಡು, ಲೆಕ್ಕ ಸುಳ್ಳು ಹೇಳಲ್ಲ" ಎಂದು ಮಗಳನ್ನು ಕರೆದು ತೋರಿಸಿದೆ.

"ಈ ರ‍್ಯಾಂಕು ಹೇಗೆ ಹಾಕ್ತಾರೆ ಗೊತ್ತಾ ಅಪ್ಪ?"

ಗೊತ್ತಿರಲಿಲ್ಲ. ಯು.ಎಸ್. ನ್ಯೂಸ್‌ನವರು ಎಂಜಿನಿಯರಿಂಗ್ ಪದವಿಗಳ ಪಟ್ಟಿ ಮಾಡುವಾಗ ಎಂಜಿನಿಯರಿಂಗ್ ಕಾಲೇಜುಗಳ ಡೀನ್‌ಗಳಿಗೂ ಹಿರಿಯ ಅಧ್ಯಾಪಕರಿಗೂ ಒಂದು ನಮೂನೆ ಕಳಿಸುತ್ತಾರಂತೆ. ಅವರು ಬೇರೆ ಬೇರೆ ಕಾಲೇಜುಗಳಿಗೆ ಐದಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಅದರ ಸರಾಸರಿಯೇ ರ‍್ಯಾಂಕು. ಸಂಬಳ, ಪ್ರಯೋಗಾಲಯ, ತರಗತಿಯ ಗಾತ್ರ ಯಾವುದೂ ಆ ಲೆಕ್ಕಕ್ಕಿಲ್ಲ.

"ಅಂದ್ರೆ?"

"ಅಂದ್ರೆ, ಜನ ಏನಂತಾರೆ ಅನ್ನೋದು."

ಜನ ಏನಂತಾರೋ ಎಂದು ಹೆದರಿ ಸೈನ್ಸ್ ತೆಗೆದುಕೊಂಡು, ಜನ ಅಂದದ್ದು ಸಾಕಾಗಿ ವಿಮಾನ ಹತ್ತಿದವನು ನಾನು. ಆ ಮಾತು ನನಗಿಂತ ಮುಂಚೆಯೇ ಅಮೆರಿಕಕ್ಕೆ ಬಂದು, ದಶಮಾಂಶ ಸಮೇತ ಕೂತಿತ್ತು.

ಆದರೂ ಸೋಲೊಪ್ಪದೆ ಬ್ಯಾರೆಟ್ ನೋಡಲು ಹೋದೆ, ಹುಳುಕು ಹುಡುಕಲಿಕ್ಕೆ. ಮೊದಲ ವರ್ಷ 'ದಿ ಹ್ಯೂಮನ್ ಇವೆಂಟ್' ಎಂಬ ತರಗತಿಯಿದೆ. ಎಂಜಿನಿಯರಿಂಗಿನವರೂ ಹಳೆಯ ಗ್ರಂಥ ಓದಿ ದುಂಡಗೆ ಕೂತು ವಾದಿಸಬೇಕು. ಕರೆದೊಯ್ದ ಹುಡುಗನಿಗೆ, "ಇದರಿಂದ ಕೆಲಸ ಸಿಗುತ್ತಾ?" ಎಂದೆ. "ಸಿಕ್ಕ ಮೇಲೆ ಮೀಟಿಂಗ್‌ನಲ್ಲಿ ಬಾಯಿ ಬರುತ್ತೆ" ಎಂದ. ಇಪ್ಪತ್ತು ವರ್ಷ ಮ್ಯೂಟ್‌ನಲ್ಲೇ ಕಳೆದ ನಾನು ಅಲ್ಲೂ ಮ್ಯೂಟ್ ಆದೆ.

ಮುಂದಿನ ವಾರ ಕ್ರೆಡಿಟ್ ಕಾರ್ಡ್ ಲೆಕ್ಕದಲ್ಲಿ ತಲೆಬುಡ ತಿಳಿಯದ ಹೆಸರಿನ ಖರ್ಚೊಂದು ಕಂಡಿತು. ಕಳ್ಳ! ಬ್ಯಾಂಕಿಗೆ ಫೋನು ಮಾಡಿ "ಇದು ನನ್ನದಲ್ಲ" ಎಂದು ಗುಡುಗಿದೆ. ಕಾರ್ಡು ನಿಲ್ಲಿಸಿದರು, ದುಡ್ಡು ವಾಪಸು ತರಿಸಿದರು. ರಾತ್ರಿ ಊಟಕ್ಕೆ ಕೂತಾಗ ಸೈಬರ್ ಅಪರಾಧದ ಬಗ್ಗೆ ಅರ್ಧ ಗಂಟೆ ಭಾಷಣವನ್ನೂ ಬಿಗಿದೆ. ಮಗಳ ಕಿವಿಯಲ್ಲಿ ಹೆಡ್‌ಫೋನ್ ಇತ್ತು.

ಏಪ್ರಿಲ್ 30ರ ರಾತ್ರಿ. ಮರುದಿನ, ಮೇ 1, ಕಾಲೇಜು ಆರಿಸಲು ಗಡುವು. ನಾನು ಎಕ್ಸೆಲ್‌ಗೆ ಕೊನೆಯ ಸಾಲು ಸೇರಿಸುತ್ತಿದ್ದಾಗ ಮಗಳು ಫೋನು ಹಿಡಿದು ಬಂದಳು. ಮುಖ ಸಪ್ಪಗಿತ್ತು.

"ಅಪ್ಪ, ಬ್ಯಾರೆಟ್‌ಗೆ ಕಟ್ಟಿದ್ದ ಮುಂಗಡ ವಾಪಸ್ ಹೋಗಿದೆಯಂತೆ. ಕಾರ್ಡಿನ ಯಜಮಾನರೇ ಕಳ್ಳತನ ಅಂತ ದೂರು ಕೊಟ್ಟಿದ್ದಾರಂತೆ."

"ಯಾವಾಗ ಕಟ್ಟಿದೆ? ನನ್ನನ್ನ ಕೇಳಬಾರದಾ?"

"ಕೇಳಿದ್ದೆ. ನೀನು ಎಕ್ಸೆಲ್ ನೋಡ್ತಾ 'ಹೂಂ' ಅಂದೆ."

ನನ್ನ ಕಾರ್ಡು ಸತ್ತಿತ್ತು. ಹೆಂಡತಿಯದೂ ಅದೇ ಖಾತೆಯದು, ಸಹಗಮನ ಮಾಡಿತ್ತು. ಕೊನೆಗೆ ಬೇಸಿಗೆಯಲ್ಲಿ ಈಜುಕೊಳ ಕಾದು ಗಳಿಸಿದ ತನ್ನದೇ ದುಡ್ಡಿನಿಂದ ಮಗಳು ಕಟ್ಟಿದಳು. ಹತ್ತು ನಿಮಿಷದ ಕೆಲಸ. ನನ್ನ ಎಕ್ಸೆಲ್‌ಗೆ ಹಿಡಿದದ್ದು ಆರು ವಾರ.

ಮೊನ್ನೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಬಿಸಿಬೇಳೆಬಾತಿನ ಎದುರು, ಪರಿಚಯದವರೊಬ್ಬರು ಹಿಡಿದರು. "ಮಗಳು ಎಲ್ಲಿ?" ಹೇಳಿದೆ. ಹುಬ್ಬು ಕುಣಿಸಿ, "ಅದರ ರ‍್ಯಾಂಕು ಎಷ್ಟು?" ಎಂದರು.

"ಇನ್ನೂ ಗೊತ್ತಾಗಿಲ್ಲ ಸಾರ್. ಐದಕ್ಕೆ ನೀವೆಷ್ಟು ಕೊಡ್ತೀರಿ ಹೇಳಿ, ಬರ್ಕೋತೀನಿ."