ಘಾನಾದಲ್ಲಿ ಗಾಣ ಇಲ್ವಾ?

(ಗುಂಡ್ಲುಪೇಟೆ–ಊಟಿ ರಸ್ತೆ. ಟೀ ಅಂಗಡಿ. ಹಿಂದೆ ಅರಳಿ ನಿಂತ ಸೂರ್ಯಕಾಂತಿ ಹೊಲ, ಅದೂ ಅಂಗಡಿಯವನದೇ.)

ಮೇಷ್ಟ್ರು: ಲೋಕದ ಅರ್ಧಕ್ಕಿಂತ ಜಾಸ್ತಿ ಕೋಕೋ ಬೆಳೆಯೋದು ಘಾನಾ, ಐವರಿ ಕೋಸ್ಟ್ ಎರಡೇ ದೇಶ ಕಣಯ್ಯ.

ಮಾದಪ್ಪ: ಗಾಣನಾ ಬುದ್ದಿ? ಎಣ್ಣ ತೆಗೀತಾರಾ?

ಮೇಷ್ಟ್ರು: ಘಾನಾ! ದೇಶ! ಬೀಜ ಬಹುಪಾಲು ಹಡಗು ಹತ್ತುತ್ತೆ, ಚಾಕೊಲೇಟ್ ಆಗೋದು ಯುರೋಪಲ್ಲಿ. 2022ರ ಡಿಸೆಂಬರಲ್ಲಿ ಹೊರಗಿನ ಸಾಲ ಕಟ್ಟಕ್ಕಾಗಲ್ಲ ಅಂತ ಘಾನಾ ಕೈಯೆತ್ತಿತು.

ಮಾದಪ್ಪ: ದಡ್ಡರು ಕನ, ಪಾಪ. (ಬಾಂಡ್ಲಿಗೆ ಪ್ಯಾಕೆಟ್ ಎಣ್ಣೆ ಸುರಿಯುತ್ತಾನೆ.)

ಮೇಷ್ಟ್ರು: ಅದ್ಯಾವ ಎಣ್ಣೆ?

ಮಾದಪ್ಪ: ಸೂರ್ಯಕಾಂತಿ. ಉಕ್ರೇನಲ್ಲಿ ಗುಂಡು ಹಾರುದ್ರ ಇಲ್ಲಿ ನಮ್ ಬೋಂಡ ಸಣ್ಣಗಾಯ್ತದ.

ಮೇಷ್ಟ್ರು: ನಿನ್ನ ಹೊಲದ್ದು?

ಮಾದಪ್ಪ: ಅದು ಲಾರಿ ಹತ್ಕಂಡ್ ಹೋಯ್ತದ. ಹಡಗಲ್ಲ ಬುದ್ದಿ, ಲಾರಿ! ನಾವೇನ್ ಘಾನದೋರಾ?

ಮೇಷ್ಟ್ರು: ಚಾಮರಾಜನಗರದ ಕರಿಕಲ್ಲು?

ಮಾದಪ್ಪ: ಅದು ಹಡಗೇಯ. ಗುಂಡಿ ಮಾತ್ರ ನಮ್ಗೇ ಬುಟ್ಟವ್ರ, ಧರ್ಮಾತ್ಮರು.

ಮೇಷ್ಟ್ರು: ಮೌಲ್ಯವರ್ಧನೆ ಅಂತ ಒಂದು ಬೇಡವೇನಯ್ಯ?

ಮಾದಪ್ಪ: ಮಾಡಿವ್ನಿ! ಬೋಂಡ ತಿಂದ್ರ 10 ರೂಪಾಯಿ, ಹೂವಿನ್ ಮಧ್ಯ ನಿಂತು ಸೆಲ್ಫಿ ತಕ್ಕಂಡ್ರ 20. ಅಂದಂಗ ಬುದ್ದಿ, ಕೋಕೋ ಹೂವ ಫೋಟಕ್ಕ ಚೆನ್ನಾಗಿ ಬತ್ತದಾ?