ಸುವಾರ್ತೆ ನನಗೆ, ಶಾಸ್ತ್ರ ನಿನಗೆ

ದೇವರ ಆಜ್ಞೆಗಳ ಧರ್ಮಶಾಸ್ತ್ರ ಪಾಪಿಯನ್ನು ಹಿಡಿಯುತ್ತದೆ, ಕ್ರಿಸ್ತನ ಕೃಪೆಯ ಸುವಾರ್ತೆ ಬಿಡಿಸುತ್ತದೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲವನೇ ನಿಜವಾದ ದೇವಶಾಸ್ತ್ರಜ್ಞ. ಜರ್ಮನ್ ಧರ್ಮಸುಧಾರಕ ಮಾರ್ಟಿನ್ ಲೂಥರನ ಮಾತಿನ ಸಾರ ಇದು. ಮಾತೇನೋ ಸೊಗಸಾಗಿದೆ. ಯಾವುದು ಯಾರ ಪಾಲಿಗೆ ಎಂದು ಹಂಚಲು ಕೂತಾಗಲೇ ತಕರಾರು ಶುರುವಾದದ್ದು.

1520ರ ಡಿಸೆಂಬರ್ 10ರಂದು ವಿಟೆನ್‌ಬರ್ಗಿನ ಊರಬಾಗಿಲಾಚೆ ಪೋಪನ ಕಾನೂನು ಗ್ರಂಥಗಳಿಗೆ ಬೆಂಕಿ ಬಿತ್ತು. ಪೋಪ್ ಕಳಿಸಿದ್ದ ಬೆದರಿಕೆಯ ಆಜ್ಞಾಪತ್ರವನ್ನೂ ಲೂಥರ್ ಅದಕ್ಕೇ ಎಸೆದ. ಈ ದಹನದ ಉಸ್ತುವಾರಿ ಶಿಷ್ಯ ಯೊಹಾನ್ ಅಗ್ರಿಕೋಲನದು. ಮಧ್ಯಯುಗದ ದೇವಶಾಸ್ತ್ರಜ್ಞರಾದ ಅಕ್ವೈನಸ್, ಸ್ಕೋಟಸ್ ಕೃತಿಗಳನ್ನೂ ಸುಡುವ ಆಸೆ ಅವನಿಗಿತ್ತು. ಪುಸ್ತಕ ಇಟ್ಟುಕೊಂಡಿದ್ದವರು ಯಾರೂ ಕೊಡಲಿಲ್ಲ. ಕ್ರಾಂತಿಯೇನೋ ಸರಿ, ದುಬಾರಿ ಪುಸ್ತಕ ಯಾಕೆ ಹಾಳು ಮಾಡಬೇಕು?

ಅಗ್ರಿಕೋಲ ಗುರುವಿನ ಮಾತನ್ನು ಗುರುವಿಗಿಂತ ಗಟ್ಟಿಯಾಗಿ ನಂಬಿಬಿಟ್ಟ. ರಕ್ಷಣೆ ಬರುವುದು ಕೃಪೆಯಿಂದಲೇ ಅಂದಮೇಲೆ ದಶಾಜ್ಞೆಗೆ ಚರ್ಚಿನಲ್ಲಿ ಏನು ಕೆಲಸ? ಅದರ ಜಾಗ ಸರ್ಕಾರಿ ಕಚೇರಿ. ಪಶ್ಚಾತ್ತಾಪ ಹುಟ್ಟಬೇಕಾದದ್ದು ಶಾಸ್ತ್ರದ ಭಯದಿಂದಲ್ಲ, ಸುವಾರ್ತೆ ಕೇಳಿ. ಲೂಥರ್ ಊರಲ್ಲಿಲ್ಲದಾಗ ಅವನ ಮನೆಯಲ್ಲೇ ಸಂಸಾರ ಸಮೇತ ಉಳಿದಿದ್ದವನು, ಅವನ ಬದಲಿಗೆ ಪಾಠ ಹೇಳಿದವನು ಇವನು. 1537ರಲ್ಲಿ ಜಗಳ ಬೀದಿಗೆ ಬಂತು. ಲೂಥರ್ ವಾದದ ಮೇಲೆ ವಾದ ಹೂಡಿದ, 1538ರಲ್ಲಿ ಶಿಷ್ಯನ ಪಾಠದ ಅನುಮತಿಯನ್ನೇ ಕಿತ್ತುಕೊಂಡ, ಮರುವರ್ಷ ಅವನ ವಿರುದ್ಧ ಪುಸ್ತಕವನ್ನೂ ಅಚ್ಚು ಹಾಕಿಸಿದ. ಪಾಪಿಗೆ ಧಾರಾಳವಾಗಿ ಸಿಗುವ ಕ್ಷಮೆ ತಪ್ಪು ವ್ಯಾಖ್ಯಾನ ಮಾಡಿದವನಿಗೆ ಮಾತ್ರ ಸುಲಭವಲ್ಲ.

ನೊಂದ ಅಗ್ರಿಕೋಲ ಮಾಡಿದ್ದೇನು? 1540ರಲ್ಲಿ ಸಾಕ್ಸನಿಯ ದೊರೆಗೆ ಲೂಥರನ ಮೇಲೆ ದೂರು ಕೊಟ್ಟ! ಶಾಸ್ತ್ರದ ಜಾಗ ಕಚೇರಿ ಎಂದವನು ಕಚೇರಿಯ ಮೆಟ್ಟಿಲು ಹತ್ತಿದ. ಸಿದ್ಧಾಂತಕ್ಕೆ ಇಷ್ಟು ನಿಷ್ಠರಾದವರು ಅಪರೂಪ. ವಿಚಾರಣೆ ಮುಗಿಯುವ ತನಕ ಊರು ಬಿಡಕೂಡದೆಂದು ಅಪ್ಪಣೆಯಾಯಿತು. ಅಪ್ಪಣೆಯೂ ಶಾಸ್ತ್ರದ ಜಾತಿಯದೇ ತಾನೆ? ಆಗಸ್ಟಿನಲ್ಲಿ ಬರ್ಲಿನ್ನಿಗೆ ಹೊರಟೇಬಿಟ್ಟ. ಅಲ್ಲಿ ಆಸ್ಥಾನ ಪ್ರಸಂಗಿಯಾದ, ಮುಂದೆ ಸಭಾಪಾಲಕರ ಮೇಲ್ವಿಚಾರಕನೂ ಆದ. ಮೇಲ್ವಿಚಾರಣೆಯನ್ನು ಬರೀ ಸುವಾರ್ತೆ ಓದಿ ನಡೆಸಿರಲಾರ.

ಅವನಿಗಾದರೂ ಓಡಿಹೋಗಲು ಅರಮನೆಯಿತ್ತು. 1525ರಲ್ಲಿ ಮೆಮಿಂಗನ್ನಿನಲ್ಲಿ ಹನ್ನೆರಡು ಬೇಡಿಕೆ ಮುಂದಿಟ್ಟ ರೈತರಿಗೆ ಅದೂ ಇರಲಿಲ್ಲ. ಕ್ರಿಸ್ತ ತನ್ನ ರಕ್ತ ಸುರಿಸಿ ಎಲ್ಲರನ್ನೂ ಬಿಡಿಸಿದ್ದಾನೆ, ಹಾಗಿದ್ದಮೇಲೆ ನಾವು ಯಾರ ಜೀತದಾಳೂ ಅಲ್ಲ ಎಂಬುದು ಮೂರನೆಯ ಬೇಡಿಕೆ. ಅಗ್ರಿಕೋಲನದು ತರ್ಕ, ಇವರದು ಹೊಟ್ಟೆಪಾಡು. ಲೂಥರನ ಉತ್ತರ: ಸುವಾರ್ತೆಯ ಬಿಡುಗಡೆ ಆತ್ಮಕ್ಕೆ, ದೇಹಕ್ಕಲ್ಲ. ದಂಗೆ ಹಬ್ಬಿದಾಗ ರೈತರನ್ನು ಹುಚ್ಚು ನಾಯಿಗಳಿಗೆ ಹೋಲಿಸಿ, ಕತ್ತಿ ಹಿರಿಯಿರೆಂದು ಅರಸರಿಗೆ ಬರೆದ. ಸತ್ತವರು ಸಾವಿರಾರು.

ಲೂಥರ್ ತೀರಿಹೋದ ಮೇಲೂ ಹಂಚಿಕೆ ಮುಗಿಯಲಿಲ್ಲ. 1577ರಲ್ಲಿ ಅವನ ಪಂಥದ ಪಂಡಿತರು ಕೂತು ಒಂದು ದಾಖಲೆ ಬರೆದು, ಶಾಸ್ತ್ರಕ್ಕೆ ಮೂರು ಉಪಯೋಗಗಳೆಂದು ತೀರ್ಮಾನಿಸಿದರು: ಪುಂಡರಿಗೆ ಕಡಿವಾಣ, ಪಾಪಿಗೆ ಕನ್ನಡಿ, ವಿಶ್ವಾಸಿಗೆ ದಾರಿ. ಕಾಗದದ ಮೇಲೆ ಮೂರೂ ಎಲ್ಲರಿಗೂ ಸಮ. ಆದರೆ ಕಡಿವಾಣ ರೈತನ ಬಾಯಿಗೆ ಬಿದ್ದು ಆಗಲೇ ಅರ್ಧ ಶತಮಾನವಾಗಿತ್ತು. ಕನ್ನಡಿಯನ್ನು ಅರಸನ ಮುಖಕ್ಕೆ ಹಿಡಿಯುವ ಧೈರ್ಯ ಎಷ್ಟು ಆಸ್ಥಾನ ಪ್ರಸಂಗಿಗಳಿಗಿತ್ತು? ಕೃಪೆಯನ್ನು ಸರಿಯಾಗಿ ವಿವರಿಸಿದ ಈ ದಾಖಲೆಗೆ ಎಂಟು ಸಾವಿರಕ್ಕೂ ಹೆಚ್ಚು ಸಭಾಪಾಲಕರೂ ಪಂಡಿತರೂ ರುಜು ಹಾಕಿದರು.

ಮೆಮಿಂಗನ್ ಇರುವ ಬವೇರಿಯಾದಲ್ಲಿ ಜೀತ ರದ್ದಾದದ್ದು 1808ರ ಸಂವಿಧಾನದಿಂದ. ಅದನ್ನು ಕೊಟ್ಟ ಅರಸ ನೆಪೋಲಿಯನ್ನನ ಮಿತ್ರ.