ಒಂದು ಹೊಟ್ಟೆಗೆ ಆರು ಎಲೆ

(ಹಂಪಿನಗರ, ಅಂದರೆ ನಮ್ಮ ಆರ್‌ಪಿಸಿ ಲೇಔಟ್. ರಾಜ್ಯೋತ್ಸವದ ಊಟಕ್ಕೆ ಈ ಸಲ ವೆಬ್‌ಸೈಟಿನಲ್ಲಿ ನೋಂದಣಿ. ಹೋಳಿಗೆ ಇದೆ ಅಂತ ಮೊದಲೇ ಹೇಳಿದ್ದು ತಪ್ಪಾಯಿತು.)

ಕಾರ್ಯದರ್ಶಿ: ನೋಡಮ್ಮ, ಬಡಾವಣೆಯ ಜನಕ್ಕಿಂತ ಅರ್ಜಿನೇ ಜಾಸ್ತಿ!

ಹುಡುಗಿ: ಒಬ್ಬೊಬ್ಬರೇ ನಾಲ್ಕು ಸಲ ತುಂಬಿದಾರೆ ಅಂಕಲ್.

ಕಾರ್ಯದರ್ಶಿ: ಎಸ್‌ಕ್ಯೂಎಲ್‌ನಲ್ಲಿ ಡಿಸ್ಟಿಂಕ್ಟ್ ಅಂತ ಹಾಕಿದ್ರೆ ಡಬಲ್ ಅರ್ಜಿ ಹೋಗತ್ತಂತಲ್ಲ, ನಮ್ಮ ಅಳಿಯ ಹೇಳ್ದ.

ಹುಡುಗಿ: ಸಾಲಿಗೆ ಸಾಲು ಒಂದೇ ಥರ ಇದ್ರೆ ಮಾತ್ರ. ಇಲ್ಲಿ ಗೌಡರು ಇಂಗ್ಲಿಷಲ್ಲಿ ಒಂದ್ಸಲ ಡಬ್ಲ್ಯೂ, ಒಂದ್ಸಲ ಯು. ಅದಕ್ಕೇ ಫೋನ್ ನಂಬರ್ ಹಿಡ್ಕೋತೀನಿ. ಖಾಲಿ ಜಾಗ ತೆಗೆದು, +91 ಬಿಟ್ಟು, ಕೊನೆಯ 10 ಅಂಕಿ. ಆಮೇಲೆ ಪಾರ್ಟಿಷನ್ ಬೈ ಫೋನ್, ಅಂದ್ರೆ ನಂಬರಿಗೊಂದು ಗುಂಪು. ಗುಂಪಲ್ಲಿ ರೋ ನಂಬರ್ 1 ಬಂದವರಿಗಷ್ಟೇ ಎಲೆ.

ಕಾರ್ಯದರ್ಶಿ: ಅತ್ತೆ ಸೊಸೆ ಒಂದೇ ಫೋನಲ್ಲಿ ಬರೆಸಿದ್ರೆ? ಅತ್ತೆಗೆ ಎಲೆ ತಪ್ಪಿದ್ರೆ ನನ್ನ ಗತಿ?

ಹುಡುಗಿ: ಹುಟ್ಟಿದ ವರ್ಷನೂ ಸೇರಿಸ್ತೀನಿ. ಮೊದಲು ಸೆಲೆಕ್ಟ್ ಮಾಡಿ ನೋಡೋದು, ಡಿಲೀಟ್ ಆಮೇಲೆ.

(ಪಟ್ಟಿ ತೆರೆಯುತ್ತದೆ.)

ಹುಡುಗಿ: ಅಂಕಲ್, ಇಲ್ಲೊಂದು ನಂಬರಿಂದ ಆರು ಅರ್ಜಿ. ವರ್ಷನೂ ಒಂದೇ. ಹೆಸರಿನ ಮುಂದೆ 'ಕಾರ್ಯದರ್ಶಿ' ಅಂತಿದೆ.

ಕಾರ್ಯದರ್ಶಿ: ನಿನ್ನ ಕ್ವೆರಿ ಪದಾಧಿಕಾರಿಗಳಿಗೆ ಅನ್ವಯಿಸಲ್ಲಮ್ಮ. ನಾಳೆನೇ ಸಭೆ ಕರೆದು ನಿರ್ಣಯ ಪಾಸ್ ಮಾಡಿಸ್ತೀನಿ.